ವ್ಹೀಲ್‌ಚೇರ್ ಕೊಟ್ಟರೆ ಮುಗೀತಾ? ಡಿಸ್ಚಾರ್ಜ್ ಆದ ಮೇಲೆ ಶುರುವಾಗೋ ಚಿಕಿತ್ಸೆಯ ಬಗ್ಗೆ

(ನಮ್ಮ ಪಾಡ್‌ಕಾಸ್ಟ್‌ನ ಆರೋಗ್ಯ ಸರಣಿಯಲ್ಲಿ ಫಿಸಿಯೊಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ.)



ಮನೆಯಲ್ಲಿ ಯಾರಿಗಾದರೂ ಸ್ಟ್ರೋಕ್ ಆಯ್ತು ಅಂದ್ಕೊಳ್ಳಿ. ಲಕ್ವ ಹೊಡೀತು ಅಂತೀವಲ್ಲ, ಅದೇ. ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದ್ರಿ. ಸ್ಕ್ಯಾನ್ ಆಯ್ತು, ಐಸಿಯು ಆಯ್ತು, ಜೀವ ಉಳೀತು. ಎಂಟೋ ಹತ್ತೋ ದಿನಕ್ಕೆ ಡಿಸ್ಚಾರ್ಜ್. ಕೈಗೆ ಒಂದು ಚೀಟಿ ಬರುತ್ತೆ. ಅದರಲ್ಲಿ ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ, ಕೊನೇ ಸಾಲಲ್ಲಿ ‘ಫಿಸಿಯೊಥೆರಪಿ ಮಾಡಿಸಿ’ ಅಂತ ಇರುತ್ತೆ. ಮಾತ್ರೆ ಎಲ್ಲಿ ಸಿಗುತ್ತೆ ಅಂತ ಎಲ್ಲರಿಗೂ ಗೊತ್ತು. ಆ ಕೊನೇ ಸಾಲಲ್ಲಿ ಬರೆದದ್ದು ಎಲ್ಲಿ ಸಿಗುತ್ತೆ?

ಇವತ್ತಿನ ಮಾತು ಆ ಕೊನೇ ಸಾಲಿನ ಬಗ್ಗೆ. ಕಾಯಿಲೆ ಅಥವಾ ಅಪಘಾತದ ನಂತರ ಮನುಷ್ಯ ಮತ್ತೆ ಎದ್ದು ಕೂರೋದು, ನಿಲ್ಲೋದು, ನಡೆಯೋದು, ತನ್ನ ಊಟ ತಾನೇ ಮಾಡೋದು, ಕೆಲಸಕ್ಕೆ ಹೋಗೋದು, ಇದಕ್ಕೆಲ್ಲ ಸೇರಿಸಿ ಪುನಶ್ಚೇತನ ಅಂತ ಕರೀತೀವಿ. ಸರ್ಕಾರಿ ಕಾಗದಗಳಲ್ಲಿ ಪುನರ್ವಸತಿ ಅಂತ ಇರುತ್ತೆ. ಇದಕ್ಕೆ ಬೇಕಾದ ಸಲಕರಣೆಗಳು, ಯಂತ್ರಗಳು ಯಾರಿಗೆ ಸಿಗ್ತವೆ, ಯಾರಿಗೆ ಸಿಗಲ್ಲ, ಯಾಕೆ ಸಿಗಲ್ಲ ಅನ್ನೋದನ್ನು ನೋಡೋಣ.

ನನ್ನ ಮಾತಿನ ಸಾರ ಮೊದಲೇ ಹೇಳಿಬಿಡ್ತೀನಿ. ನಮ್ಮಲ್ಲಿ ಸಲಕರಣೆ ಹಂಚೋ ವ್ಯವಸ್ಥೆ ಇದೆ. ಆದರೆ ಅದನ್ನು ಮೈ ಅಳತೆಗೆ ಹೊಂದಿಸಿ, ಬಳಸೋದು ಕಲಿಸಿ, ಆರು ತಿಂಗಳ ನಂತರ ಮತ್ತೆ ಕರೆದು ನೋಡಿ, ಮುರಿದರೆ ರಿಪೇರಿ ಮಾಡಿಕೊಡೋ ವ್ಯವಸ್ಥೆ ಬಹಳ ತೆಳುವಾಗಿದೆ. ಅದು ಬೇಕಾದ ತಿಂಗಳಲ್ಲೇ ಸಿಗೋದು ಇನ್ನೂ ಕಷ್ಟ. ತಡವಾಗಿ ಬಂದ ಸಲಕರಣೆ, ಹೊಂದದ ಸಲಕರಣೆ ಎಷ್ಟೋ ಮನೆಗಳಲ್ಲಿ ಅಟ್ಟ ಸೇರುತ್ತೆ.

ಕರೆಂಟ್ ಕೊಡೋದಷ್ಟೇ ಫಿಸಿಯೊಥೆರಪಿನಾ?

ನಮ್ಮ ಹತ್ತಿರ ಬರೋರು ಮೊದಲು ಕೇಳೋದು, ‘ಕರೆಂಟ್ ಕೊಡ್ತೀರಾ?’ ಅಂತ. ಮಂಡಿನೋವಿಗೆ, ಸೊಂಟನೋವಿಗೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸೋ ಯಂತ್ರಗಳಿವೆ. ಟೆನ್ಸ್, ಐಎಫ್‌ಟಿ ಅಂತ ಅವುಗಳ ಹೆಸರು. ಅಲ್ಟ್ರಾಸೌಂಡ್ ಯಂತ್ರ ಇದೆ, ಮೇಣದ ಶಾಖ ಕೊಡೋದಿದೆ. ಇವು ಕೆಲವರಿಗೆ ಸ್ವಲ್ಪ ಹೊತ್ತು ನೋವು ತಗ್ಗಿಸ್ತವೆ. ನೋವು ತಗ್ಗಿದ ಆ ಹೊತ್ತಲ್ಲಿ ವ್ಯಾಯಾಮ ಮಾಡಿಸಬೇಕು, ಸ್ನಾಯುಗಳಿಗೆ ಬಲ ಬರಿಸಬೇಕು. ಯಂತ್ರದ ಉಪಯೋಗ ಅಲ್ಲಿಗೆ. ಬರೀ ಕರೆಂಟ್ ಇಡಿಸಿಕೊಂಡು ಮನೆಗೆ ಹೋದರೆ ಮಂಡಿ ಗಟ್ಟಿಯಾಗಲ್ಲ.

ಆದರೆ ಜನರ ನಂಬಿಕೆ ಯಂತ್ರದ ಮೇಲೆ. ಬಂದವರು ಯಂತ್ರ ಕೇಳ್ತಾರೆ, ಹಾಗಾಗಿ ಕ್ಲಿನಿಕ್‌ಗಳ ಬೋರ್ಡಿನಲ್ಲೂ ಯಂತ್ರಗಳ ಹೆಸರೇ ಎದ್ದು ಕಾಣುತ್ತೆ.

ತಂತ್ರಜ್ಞಾನ ಅಂದ ಕೂಡಲೇ ನಾವು ರೋಬಾಟ್ ನೆನಪಿಸಿಕೊಳ್ತೀವಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರತಿ ದೇಶದಲ್ಲೂ ಜನರಿಗೆ ಸಿಗಲೇಬೇಕಾದ 50 ಸಹಾಯಕ ಸಲಕರಣೆಗಳ ಪಟ್ಟಿ ಮಾಡಿತು. ಅದರಲ್ಲಿ ವ್ಹೀಲ್‌ಚೇರ್, ಕೃತಕ ಕಾಲು, ಶ್ರವಣ ಸಾಧನ ಇದಾವೆ. ಜೊತೆಗೆ ಊರುಗೋಲು, ಕೂರೋಕೆ ಕುಷನ್, ಗೋಡೆಗೆ ಹಾಕೋ ಹಿಡಿಕಂಬಿ, ಶೌಚಕ್ಕೆ ಕೂರೋ ಕುರ್ಚಿ, ಮಾತ್ರೆ ಹಾಕಿಡೋ ಡಬ್ಬಿ ಕೂಡ ಇದಾವೆ. ಬಚ್ಚಲಮನೆ ಗೋಡೆಗೆ ಹಾಕಿದ ಒಂದು ಸ್ಟೀಲ್ ಕಂಬಿ ಅಜ್ಜಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಳ್ಳೋದನ್ನು ತಪ್ಪಿಸುತ್ತೆ. ಅದೂ ತಂತ್ರಜ್ಞಾನವೇ.

ಎಷ್ಟು ಜನರಿಗೆ ಬೇಕು? ಒಂದಲ್ಲ ಒಂದು ಹಂತದಲ್ಲಿ ಪುನಶ್ಚೇತನ ಚಿಕಿತ್ಸೆಯಿಂದ ಅನುಕೂಲ ಆಗುವಂಥ ತೊಂದರೆ ಇರೋರು ಜಗತ್ತಿನಲ್ಲಿ ಸುಮಾರು 240 ಕೋಟಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 2022ರಲ್ಲಿ ಅದು ಯುನಿಸೆಫ್ ಜೊತೆ ತಂದ ವರದಿಯ ಪ್ರಕಾರ 250 ಕೋಟಿಗೂ ಹೆಚ್ಚು ಜನರಿಗೆ ಕನಿಷ್ಠ ಒಂದು ಸಹಾಯಕ ಸಲಕರಣೆ ಬೇಕು. ಕನ್ನಡಕವೂ ಈ ಲೆಕ್ಕದಲ್ಲಿ ಸೇರಿದೆ. ಬೇಕಾದವರಲ್ಲಿ ಸಲಕರಣೆ ಸಿಕ್ಕವರ ಪ್ರಮಾಣ ಶ್ರೀಮಂತ ದೇಶಗಳಲ್ಲಿ ಶೇ 90ರವರೆಗೆ ಇದ್ದರೆ, ಕೆಲವು ಬಡ ದೇಶಗಳಲ್ಲಿ ಬರೀ ಶೇ 3. ಇನ್ನೊಂದು ಲೆಕ್ಕ ನೋಡಿ. ಎಷ್ಟೋ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 10 ಲಕ್ಷ ಜನರಿಗೆ ಹತ್ತು ಮಂದಿ ತರಬೇತಿ ಪಡೆದ ಪುನಶ್ಚೇತನ ತಜ್ಞರೂ ಇಲ್ಲ. ನನ್ನ ಪ್ರಕಾರ ಈ ಎರಡನೇ ಲೆಕ್ಕವೇ ಹೆಚ್ಚು ಮುಖ್ಯ. ಯಾಕೆ ಅಂತ ವ್ಹೀಲ್‌ಚೇರ್ ಉದಾಹರಣೆಯಿಂದ ಹೇಳ್ತೀನಿ.

ವ್ಹೀಲ್‌ಚೇರ್ ಬರೀ ಕುರ್ಚಿಯಲ್ಲ

ಆಸ್ಪತ್ರೆ ಬಾಗಿಲಲ್ಲಿ ನಿಂತಿರುತ್ತಲ್ಲ, ಆ ವ್ಹೀಲ್‌ಚೇರ್ ಒಬ್ಬರನ್ನು ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋಗೋಕೆ ಮಾಡಿದ್ದು. ಹತ್ತು ನಿಮಿಷದ ಸವಾರಿಗೆ ಸರಿ. ಬೆನ್ನುಹುರಿಗೆ ಪೆಟ್ಟಾದ ಒಬ್ಬ ಯುವಕ ದಿನಕ್ಕೆ ಹತ್ತು ಗಂಟೆ ಕೂರೋಕೆ ಅದು ಸಲ್ಲದು.

ಬೆನ್ನುಹುರಿಗೆ ಪೆಟ್ಟಾದವರಿಗೆ ಎಷ್ಟೋ ಸಲ ಸೊಂಟದ ಕೆಳಗೆ ಸ್ಪರ್ಶಜ್ಞಾನ ಇರಲ್ಲ. ನಾವು ನೀವು ಕೂತಲ್ಲಿ ಒತ್ತಿದರೆ ಗೊತ್ತಿಲ್ಲದೇ ಆ ಕಡೆ ಈ ಕಡೆ ಸರೀತೀವಿ. ಅವರಿಗೆ ಒತ್ತಿದ್ದೇ ಗೊತ್ತಾಗಲ್ಲ. ಕೂರೋ ಮೂಳೆಯ ಕೆಳಗಿನ ಚರ್ಮಕ್ಕೆ ರಕ್ತ ಹರಿಯೋದು ನಿಲ್ಲುತ್ತೆ. ಮೊದಲು ಕೆಂಪಾಗುತ್ತೆ, ಆಮೇಲೆ ಹುಣ್ಣಾಗುತ್ತೆ, ಹುಣ್ಣು ಮೂಳೆವರೆಗೆ ಇಳಿಯುತ್ತೆ. ಸೋಂಕು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಅಪಘಾತದಲ್ಲಿ ಬದುಕಿ ಉಳಿದವರು ಇಂಥ ಹುಣ್ಣಿನಿಂದ ತೀರಿಕೊಳ್ಳೋದು ನಮ್ಮ ದೇಶದಲ್ಲಿ ಅಪರೂಪವೇನಲ್ಲ.

ತಡೆಯೋದು ಹೇಗೆ? ಒತ್ತಡ ಹಂಚೋ ಒಳ್ಳೆಯ ಕುಷನ್ ಬೇಕು. ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಒಂದು ಸಲ ಕೈ ಊರಿ ಮೈ ಎತ್ತೋದನ್ನೋ, ಮುಂದಕ್ಕೆ ಬಾಗೋದನ್ನೋ ಕಲಿಸಬೇಕು. ದಿನಾ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳೋದು ಅಭ್ಯಾಸ ಆಗಬೇಕು. ಕುರ್ಚಿಯ ಅಗಲ ಸೊಂಟಕ್ಕೆ ಸರಿ ಇರಬೇಕು. ಅಗಲ ಜಾಸ್ತಿಯಾದರೆ ಬೆನ್ನು ಒಂದು ಕಡೆ ವಾಲುತ್ತೆ. ಪಾದ ಇಡೋ ಹಲಗೆ ಎತ್ತರ ಆದರೆ ಭಾರ ಎಲ್ಲ ಕುಂಡಿ ಮೇಲೆ ಬೀಳುತ್ತೆ. ಇದಕ್ಕೆ ಟೇಪ್ ಹಿಡಿದು ಅಳತೆ ತಗೊಳ್ಳೋರು, ನೋಡಿ ತಿದ್ದೋರು ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಈ ಬಗ್ಗೆ ಮಾರ್ಗಸೂಚಿ ತಂದಿದೆ. ವ್ಹೀಲ್‌ಚೇರ್ ಕೊಡೋದಕ್ಕೆ ಎಂಟು ಹೆಜ್ಜೆ. ಹೆಸರು ನೋಂದಣಿ, ಪರೀಕ್ಷೆ ಮತ್ತು ಅಳತೆ, ಯಾವ ಥರದ್ದು ಅಂತ ಬರೆದುಕೊಡೋದು, ಹಣ ಹೊಂದಿಸಿ ತರಿಸೋದು, ಸಿದ್ಧಪಡಿಸೋದು, ಕೂರಿಸಿ ಹೊಂದಿಸೋದು, ಬಳಸೋದು ಕಲಿಸೋದು, ಕೊನೆಗೆ ಮತ್ತೆ ಮತ್ತೆ ನೋಡಿ ರಿಪೇರಿ ಮಾಡೋದು. ನಮ್ಮಲ್ಲಿ ಶಿಬಿರ ಮಾಡ್ತೀವಿ, ವೇದಿಕೆ ಹಾಕ್ತೀವಿ, ಸಾಲಾಗಿ ಕುರ್ಚಿ ನಿಲ್ಲಿಸಿ ಹಂಚ್ತೀವಿ, ಫೋಟೊ ಬರುತ್ತೆ. ಎಂಟರಲ್ಲಿ ನಾಲ್ಕೈದು ಹೆಜ್ಜೆ ಆಗಿರುತ್ತೆ. ಉಳಿದ ಮೂರು ಫೋಟೊದಲ್ಲಿ ಕಾಣಲ್ಲ, ಹಾಗಾಗಿ ಯಾರೂ ಕೇಳಲ್ಲ.

ಆಮೇಲೆ ಊರು. ಹೊಸ್ತಿಲು ಇರೋ ಮನೆ, ಅಂಗಳದಲ್ಲಿ ಮಣ್ಣು, ರಸ್ತೆಯಲ್ಲಿ ಜಲ್ಲಿ. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಮೊದಲ ಮಳೆಗೇ ಹೂತುಕೊಳ್ತವೆ. ಐಐಟಿ ಮದ್ರಾಸ್‌ನ ಪುನಶ್ಚೇತನ ಸಂಶೋಧನಾ ಕೇಂದ್ರದವರು ಇದನ್ನು ಗಮನಿಸಿ, ಬಳಸೋರ ಅಳತೆಗೆ ಹೊಂದಿಸೋ ನಿಯೋಫ್ಲೈ ಅನ್ನೋ ವ್ಹೀಲ್‌ಚೇರ್, ಅದರ ಮುಂದೆ ಸಿಕ್ಕಿಸಿದರೆ ಸ್ಕೂಟರ್ ಥರ ಓಡೋ ನಿಯೋಬೋಲ್ಟ್ ಅನ್ನೋ ಮೋಟಾರು ಘಟಕ ಮಾಡಿದರು. 2021ರಲ್ಲಿ ಅದು ಬಿಡುಗಡೆ ಆಯ್ತು. ನಮ್ಮ ರಸ್ತೆ ನೋಡಿ ನಮ್ಮವರೇ ಮಾಡಿದ್ದು ಅನ್ನೋದು ಸಂತೋಷ. ಆದರೆ ಅದು ಹಾವೇರಿಯ ಹಳ್ಳಿಯೊಂದಕ್ಕೆ ತಲುಪಬೇಕು ಅಂದರೆ ಕುರ್ಚಿಯ ಜೊತೆ ಅಳತೆ ತಗೊಳ್ಳೋರೂ ರಿಪೇರಿ ಮಾಡೋರೂ ತಲುಪಬೇಕು.

ಜೈಪುರ ಕಾಲು ಕಲಿಸಿದ್ದು

ಹಾಗಾದರೆ ಭಾರತದಲ್ಲಿ ಇದು ಚೆನ್ನಾಗಿ ನಡೆದ ಉದಾಹರಣೆ ಇಲ್ಲವಾ? ಇದೆ. ಜೈಪುರ ಕಾಲು. 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ಸೇರಿ ಮಾಡಿದ್ದು. ಆಗ ಸಿಗ್ತಿದ್ದ ವಿದೇಶಿ ಮಾದರಿಯ ಕೃತಕ ಪಾದಕ್ಕೆ ಬೂಟು ಹಾಕಲೇಬೇಕಿತ್ತು. ನಮ್ಮ ಜನ ಬರಿಗಾಲಲ್ಲಿ ನಡೀತಾರೆ, ಕುಕ್ಕರಗಾಲಲ್ಲಿ ಕೂರ್ತಾರೆ, ನೆಲದ ಮೇಲೆ ಉಣ್ತಾರೆ, ಕೆಸರುಗದ್ದೆಗೆ ಇಳೀತಾರೆ. ರಬ್ಬರಿನಿಂದ ಮಾಡಿದ ಜೈಪುರ ಪಾದ ಇದಕ್ಕೆಲ್ಲ ಹೊಂದಿಕೊಳ್ತು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಶುರು ಮಾಡಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಕೊಡ್ತಾ ಬಂತು. ಬಂದವರಿಗೆ ಊಟ ವಸತಿ ಕೊಟ್ಟು, ಕಾಲು ಹೊಂದಿಸಿ, ನಡೆಸಿ ನೋಡಿ ಕಳಿಸೋ ಪದ್ಧತಿ ಅವರದ್ದು. ಆ ಕಾಲು ಜನಕ್ಕೆ ತಲುಪಿದ್ದರಲ್ಲಿ ಈ ಪದ್ಧತಿಯ ಪಾಲೂ ದೊಡ್ಡದು.

ಕೃತಕ ಕಾಲಿಗೂ ಮುಂದಿನ ಕಥೆ ಇರುತ್ತೆ. ಕಾಲು ಕತ್ತರಿಸಿದ ಮೇಲೆ ಉಳಿದ ಭಾಗ ಮೊದಲ ಕೆಲವು ತಿಂಗಳು ಸಣ್ಣಗಾಗ್ತಾ ಹೋಗುತ್ತೆ. ಮೊದಲು ಬಿಗಿಯಾಗಿದ್ದ ಸಾಕೆಟ್, ಅಂದರೆ ಕಾಲು ಕೂರೋ ಬಟ್ಟಲು, ಸಡಿಲ ಆಗುತ್ತೆ. ಸಡಿಲ ಆದರೆ ಉಜ್ಜುತ್ತೆ, ಗಾಯ ಆಗುತ್ತೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಗಾಯ ಮಾಯಲ್ಲ. ಸಾಕೆಟ್ ಬದಲಿಸೋಕೆ ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಆ ವ್ಯಕ್ತಿ ಕಾಲು ಬಿಚ್ಚಿಟ್ಟು ಮತ್ತೆ ಕಂಕುಳ ಕೋಲು ಹಿಡೀತಾನೆ.

ಮಂಡಿಯ ಮೇಲೆ ಕತ್ತರಿಸಿದವರಿಗೆ ಇನ್ನೂ ಕಷ್ಟ. ಕೃತಕ ಮಂಡಿ ನಡೆಯೋವಾಗ ಥಟ್ಟನೆ ಮಡಚಿಕೊಂಡರೆ ಬಿದ್ದಂತೆಯೇ. ಹಾಗೆ ಮಡಚದಂತೆ ಹಲವು ಕೀಲುಗಳಿಂದ ಮಾಡಿದ ಮಂಡಿಗಳು ಬಹುಪಾಲು ಹೊರದೇಶದಿಂದ ಬರ್ತಿದ್ದವು. 2022ರಲ್ಲಿ ಐಐಟಿ ಮದ್ರಾಸ್ ಮತ್ತು ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮುಂತಾದವರು ಸೇರಿ ‘ಕದಂ’ ಅನ್ನೋ ಹೆಸರಲ್ಲಿ ದೇಶದಲ್ಲೇ ಅಂಥ ಮಂಡಿ ತಯಾರಿಸಿದರು. ಮೊಬಿಲಿಟಿ ಇಂಡಿಯಾ 1994ರಿಂದ ಬೆಂಗಳೂರಿನಲ್ಲಿದೆ. ಕೃತಕ ಕೈಕಾಲು ಮಾಡಿ ಹೊಂದಿಸೋ ತಜ್ಞರಿಗೆ ತರಬೇತಿಯನ್ನೂ ಕೊಡುತ್ತೆ. ವಸ್ತು ಮಾಡೋರೂ ಹೊಂದಿಸೋರನ್ನು ತಯಾರು ಮಾಡೋರೂ ಒಂದೇ ಕಡೆ ಸೇರಿದಾಗ ಕೆಲಸ ಮುಂದೆ ಹೋಗುತ್ತೆ.

ನಾಲ್ಕು ವರ್ಷದ ಬೂಟು

ಇನ್ನೊಂದು ಉದಾಹರಣೆ ಮಕ್ಕಳದ್ದು. ಕೆಲವು ಮಕ್ಕಳು ಹುಟ್ಟುವಾಗಲೇ ಪಾದ ಒಳಗೆ ತಿರುಗಿರುತ್ತೆ. ಸೊಟ್ಟ ಪಾದ ಅಂತೀವಿ, ವೈದ್ಯರು ಕ್ಲಬ್‌ಫುಟ್ ಅಂತಾರೆ. ಸ್ಪೇನ್ ಮೂಲದ, ಅಮೆರಿಕದ ಅಯೋವಾದಲ್ಲಿದ್ದ ಡಾ. ಇಗ್ನಾಸಿಯೊ ಪಾನ್ಸೆಟಿ ಅನ್ನೋರು ಇದಕ್ಕೆ ದೊಡ್ಡ ಆಪರೇಷನ್ ಬೇಡ ಅಂತ ತೋರಿಸಿಕೊಟ್ಟರು. ವಾರಕ್ಕೊಮ್ಮೆ ಪಾದವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಹಿಟ್ಟಿನ ಕಟ್ಟು ಹಾಕೋದು. ಐದಾರು ಕಟ್ಟಿನಲ್ಲಿ ಪಾದ ನೇರ ಆಗುತ್ತೆ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿ ನರ ಅಂತ ನಾವು ಕರೆಯೋ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ ಬೇಕಾಗುತ್ತೆ, ಅಷ್ಟೇ. ಖರ್ಚು ಕಡಿಮೆ, ಫಲಿತಾಂಶ ಬಹಳ ಚೆನ್ನಾಗಿದೆ.

ಆದರೆ ಚಿಕಿತ್ಸೆ ಅಲ್ಲಿಗೆ ಮುಗಿಯಲ್ಲ. ಆಮೇಲೆ ಒಂದು ಪಟ್ಟಿಗೆ ಜೋಡಿಸಿದ ಎರಡು ಪುಟ್ಟ ಬೂಟು ಹಾಕಬೇಕು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ಮಗುವಿಗೆ ನಾಲ್ಕು ವರ್ಷ ಆಗುವವರೆಗೂ ಮಲಗೋವಾಗ. ಮಗು ಅಳುತ್ತೆ. ಅಜ್ಜಿ ‘ಪಾಪ, ಬಿಚ್ಚಿ ಹಾಕ್ರೇ’ ಅಂತಾರೆ. ಪಾದ ನೇರ ಆಗಿದೆಯಲ್ಲ, ಇನ್ಯಾಕೆ ಅಂತ ಅನ್ನಿಸುತ್ತೆ. ಬಿಟ್ಟರೆ ಪಾದ ಮತ್ತೆ ತಿರುಗುತ್ತೆ. ಹಾಗೆ ಮರುಕಳಿಸೋದಕ್ಕೆ ಮುಖ್ಯ ಕಾರಣವೇ ಬೂಟು ಬಿಡೋದು. ಮಗು ಬೆಳೆದಂತೆ ಬೂಟಿನ ಅಳತೆಯೂ ಬದಲಾಗಬೇಕು. ಅಂದರೆ ನಾಲ್ಕು ವರ್ಷದಲ್ಲಿ ಹಲವು ಜೋಡಿ ಬೂಟು, ಹಲವು ಭೇಟಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ತೊಂದರೆಯ ಪತ್ತೆ ಮತ್ತು ಚಿಕಿತ್ಸೆ ಎರಡೂ ಸೇರಿವೆ. ನಿಮ್ಮ ಸುತ್ತಮುತ್ತ ಇಂಥ ಮಗು ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮಗು ಹುಟ್ಟಿದ ಮೊದಲ ವಾರಗಳಲ್ಲೇ ಹೋದರೆ ಒಳ್ಳೆಯದು.

ಮೊದಲ ಮೂರು ತಿಂಗಳು

ಈಗ ಮತ್ತೆ ಸ್ಟ್ರೋಕ್ ಕಡೆ ಬರೋಣ. ಸ್ಟ್ರೋಕ್ ಆದ ಮೇಲೆ ಮಿದುಳು ತನ್ನನ್ನು ತಾನು ತಿದ್ದಿಕೊಳ್ಳೋದು ಮೊದಲ ಮೂರು ತಿಂಗಳಲ್ಲಿ ಅತಿ ಹೆಚ್ಚು. ಆಮೇಲೂ ಸುಧಾರಣೆ ಇದೆ, ವೇಗ ಕಡಿಮೆ. ಆ ಮೂರು ತಿಂಗಳಲ್ಲಿ ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಬೇಕು. ಲೋಟ ಹಿಡಿಯೋದು, ಬಿಡೋದು. ಕುರ್ಚಿಯಿಂದ ಏಳೋದು, ಕೂರೋದು.

ಇಲ್ಲಿ ರೋಬಾಟ್‌ಗಳಿಗೆ ಜಾಗ ಇದೆ. ನಡೆಯೋಕಾಗದವರನ್ನು ಬೆಲ್ಟಿನಿಂದ ಎತ್ತಿ ಹಿಡಿದು, ಟ್ರೆಡ್‌ಮಿಲ್ ಮೇಲೆ ಕಾಲು ಆಡಿಸೋ ಯಂತ್ರಗಳಿವೆ. ಫಿಸಿಯೊಥೆರಪಿ ಜೊತೆ ಇವನ್ನೂ ಬಳಸಿದರೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ ಮತ್ತು ಸ್ವಂತ ನಡೆಯಲಾಗದವರಲ್ಲಿ, ಸ್ವತಂತ್ರವಾಗಿ ನಡೆಯೋ ಸಾಧ್ಯತೆ ಹೆಚ್ಚುತ್ತೆ ಅಂತ ಅಧ್ಯಯನಗಳು ಹೇಳ್ತವೆ. ಆದರೆ ಇವು ದುಬಾರಿ, ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಇರ್ತವೆ. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ಸೇರಿ ಕೈಗೆ ವ್ಯಾಯಾಮ ಮಾಡಿಸೋ ಪ್ಲೂಟೊ ಅನ್ನೋ ಸಣ್ಣ ರೋಬಾಟ್ ಮಾಡಿದ್ದಾರೆ. ಮೇಜಿನ ಮೇಲೆ ಇಡೋ ಗಾತ್ರದ್ದು. ಇಂಥವು ಅಗ್ಗವಾಗಿ ತಾಲ್ಲೂಕಿಗೆ ಬಂದರೆ ದೊಡ್ಡ ಉಪಕಾರ.

ಎಲ್ಲದಕ್ಕೂ ಯಂತ್ರ ಬೇಕಿಲ್ಲ ಅನ್ನೋದೂ ನಿಜ. ಸ್ವಲ್ಪ ಆಡೋ ಕೈ ಇದ್ದವರಿಗೆ ಒಳ್ಳೆಯ ಕೈಯನ್ನು ಕೈಗವಸಿನಲ್ಲಿ ಕಟ್ಟಿಹಾಕಿ, ದುರ್ಬಲವಾದ ಕೈಯಿಂದಲೇ ಕೆಲಸ ಮಾಡಿಸೋ ಒಂದು ವಿಧಾನ ಇದೆ. ಬೇಕಾಗಿರೋದು ಒಂದು ಕೈಗವಸು ಮತ್ತು ದಿನಾ ಕೆಲವು ಗಂಟೆ ಜೊತೆಗಿದ್ದು ಮಾಡಿಸೋ ತಜ್ಞರು. ಕೈಗವಸು ಸಿಗುತ್ತೆ. ತಜ್ಞರೇ ಸಿಗಲ್ಲ.

‘ಹಾಗಾದ್ರೆ ಮನೆಯವರಿಗೇ ಕಲಿಸಿಬಿಡಿ, ಅವರೇ ಮಾಡಿಸ್ತಾರೆ’ ಅಂತ ಅನ್ನಿಸಬಹುದು. ಇದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅಟೆಂಡ್ ಅನ್ನೋ ಅಧ್ಯಯನ. ಭಾರತದ 14 ಆಸ್ಪತ್ರೆಗಳು, 1,250 ರೋಗಿಗಳು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯ್ತು. ಅರ್ಧ ಜನರಿಗೆ ಸಾಮಾನ್ಯ ಚಿಕಿತ್ಸೆ, ಉಳಿದರ್ಧಕ್ಕೆ ಅದರ ಜೊತೆಗೆ ಮನೆಯವರಿಗೆ ತರಬೇತಿ. ಆರು ತಿಂಗಳ ನಂತರ ನೋಡಿದರೆ ತೀರಿಕೊಂಡವರು ಮತ್ತು ಬೇರೆಯವರ ಮೇಲೆ ಅವಲಂಬಿತರಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ 47. ವ್ಯತ್ಯಾಸವೇ ಇಲ್ಲ. ಮನೆಯವರ ಆರೈಕೆ ವ್ಯರ್ಥ ಅಂತ ಇದರರ್ಥ ಅಲ್ಲ. ಸೊಸೆಗೋ ಮಗಳಿಗೋ ಒಂದಷ್ಟು ವ್ಯಾಯಾಮ ತೋರಿಸಿ ಕಳಿಸಿಬಿಟ್ಟರೆ ತಜ್ಞರ ಕೆಲಸ ಅವರಿಂದ ಆಗಿಬಿಡುತ್ತೆ ಅಂತ ನಂಬಿ ಕೂರಬಾರದು ಅಂತ ಅರ್ಥ.

ಹಣ ಯಾರು ಕೊಡ್ತಾರೆ?

ಇಲ್ಲಿ ವ್ಯವಸ್ಥೆಯ ಒಂದು ವಿಚಿತ್ರ ಇದೆ, ಗಮನಿಸಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸಿಗುತ್ತೆ. ಆಯುಷ್ಮಾನ್ ನಿಯಮದಲ್ಲಿ ಡಿಸ್ಚಾರ್ಜ್ ನಂತರದ ಖರ್ಚು 15 ದಿನಕ್ಕೆ ಸೀಮಿತ. ಹೊರರೋಗಿ ಚಿಕಿತ್ಸೆ ಅದರಲ್ಲಿಲ್ಲ. ಫಿಸಿಯೊಥೆರಪಿ ಅಂದರೆ ಮುಖ್ಯವಾಗಿ ಹೊರರೋಗಿ ಚಿಕಿತ್ಸೆಯೇ.

ಖಾಸಗಿ ವಿಮೆ ಇದ್ದವರು? ವಿಮಾ ನಿಯಂತ್ರಣ ಪ್ರಾಧಿಕಾರದ 2020ರ ಸುತ್ತೋಲೆಯಲ್ಲಿ, ಕಂಪನಿ ಬೇಕಿದ್ದರೆ ಕೊಡಬಹುದು, ಕೊಡದೇ ಇರಬಹುದು ಅನ್ನೋ ವಸ್ತುಗಳ ಪಟ್ಟಿ ಇದೆ. ಅದರಲ್ಲಿ ನಡಿಗೆಗೆ ನೆರವಾಗೋ ಸಾಧನ, ಸ್ಪ್ಲಿಂಟ್, ಮಂಡಿ ಪಟ್ಟಿ, ಸೊಂಟದ ಬೆಲ್ಟ್, ಸಕ್ಕರೆ ಕಾಯಿಲೆಯವರ ಪಾದರಕ್ಷೆ, ಹುಣ್ಣಾಗದಂತೆ ತಡೆಯೋ ಗಾಳಿ ಹಾಸಿಗೆ ಎಲ್ಲ ಸೇರಿವೆ. ಥರ್ಮಾಮೀಟರ್ ಕೂಡ ಇದೇ ಪಟ್ಟಿಯಲ್ಲಿದೆ. ಪಾಲಿಸಿ ತಗೊಳ್ಳೋವಾಗ ಆ ಪಟ್ಟಿ ಓದಿ.

ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ. ಅಂಗವಿಕಲರಿಗೆ ಸಾಧನ ಸಲಕರಣೆ ಕೊಡೋ ಕೇಂದ್ರ ಸರ್ಕಾರದ ಯೋಜನೆ. ತಿಂಗಳ ಆದಾಯ 22,500 ರೂಪಾಯಿ ಒಳಗಿದ್ದರೆ ಪೂರ್ತಿ ಉಚಿತ, 30,000ದ ಒಳಗಿದ್ದರೆ ಅರ್ಧ. ಒಮ್ಮೆ ತಗೊಂಡರೆ ಮತ್ತೆ ಮೂರು ವರ್ಷ ಕಾಯಬೇಕು, 12 ವರ್ಷದ ಒಳಗಿನ ಮಕ್ಕಳಿಗೆ ಒಂದು ವರ್ಷ. ಕಾನ್ಪುರದ ಅಲಿಂಕೊ ಸಂಸ್ಥೆ ಈ ಸಲಕರಣೆಗಳನ್ನು ಮಾಡಿ ಶಿಬಿರಗಳಲ್ಲಿ ಕೊಡುತ್ತೆ. ಒಳ್ಳೆಯ ಯೋಜನೆ, ಲಕ್ಷಾಂತರ ಜನರಿಗೆ ನೆರವಾಗಿದೆ.

ಆದರೆ ಇದಕ್ಕೆ ಶೇ 40ಕ್ಕೂ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಸ್ಟ್ರೋಕ್ ಥರದ ತೊಂದರೆಯಲ್ಲಿ ಸ್ಥಿತಿ ಒಂದು ಹದಕ್ಕೆ ಬರುವವರೆಗೆ ಕೆಲವು ತಿಂಗಳು ಕಾದು ಆಮೇಲೆ ಅಳೀತಾರೆ. ವೈದ್ಯಕೀಯವಾಗಿ ಅದು ಸರಿಯೇ. ಶಾಶ್ವತ ನಷ್ಟ ಎಷ್ಟು ಅಂತ ಮೊದಲ ವಾರ ಹೇಗೆ ಹೇಳೋದು? ಆದರೆ ಪರಿಣಾಮ ನೋಡಿ. ಆಸ್ಪತ್ರೆಯ ವಿಮೆ ಹದಿನೈದು ದಿನಕ್ಕೆ ನಿಲ್ಲುತ್ತೆ. ಅಂಗವೈಕಲ್ಯದ ಯೋಜನೆ ತಿಂಗಳುಗಳ ನಂತರ ತೆರೆಯುತ್ತೆ. ಮಿದುಳು ಕಲಿಯೋಕೆ ಅತಿ ಹೆಚ್ಚು ಸಿದ್ಧವಾಗಿರೋ ಆ ಮೂರು ತಿಂಗಳು ನಡುವೆ ಬೀಳುತ್ತೆ. ಆ ಅವಧಿಯ ವಾಕರ್, ಪಾದ ಜೋತುಬೀಳದಂತೆ ಹಿಡಿಯೋ ಸ್ಪ್ಲಿಂಟ್, ದಿನಾ ಫಿಸಿಯೊಥೆರಪಿ, ಆಟೊ ಬಾಡಿಗೆ, ಜೊತೆಗೆ ಬರೋರ ಕೂಲಿ ಎಲ್ಲ ಮನೆಯವರ ತಲೆ ಮೇಲೆ. ನಾವು ಮೊದಲು ತುಂಬಬೇಕಾದ ಕಂದಕ ಇದು ಅಂತ ನನಗನ್ನಿಸುತ್ತೆ.

ಓಡಾಟದ ಖರ್ಚು ಸಣ್ಣದಲ್ಲ. ಕರ್ನಾಟಕದಲ್ಲಿ 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಆದರೆ ಒಂದು ಕಡೆ ಸ್ವಾಧೀನ ಇಲ್ಲದವರನ್ನು ಬಸ್ಸಿನ ಮೆಟ್ಟಿಲು ಹತ್ತಿಸೋದು ಹೇಗೆ? ಆಟೊ ಬೇಕು. ವಾರಕ್ಕೆ ಮೂರು ದಿನ ಆಟೊ ಮಾಡಿಸಿ ಬರೋರು ಮೂರನೇ ವಾರಕ್ಕೆ ನಿಲ್ಲಿಸ್ತಾರೆ. ನಾವು ಫೈಲಿನಲ್ಲಿ ‘ರೋಗಿ ಬರಲಿಲ್ಲ’ ಅಂತ ಬರೀತೀವಿ.

ನಮ್ಮಲ್ಲಿ ಏನಿದೆ, ಏನು ಆಗಬೇಕು

ಎಲ್ಲವೂ ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಊರಲ್ಲಿ ಯಾರ ಮನೆಯಲ್ಲಿ ಯಾರಿಗೆ ಏನು ಬೇಕು ಅಂತ ಅವರಿಗೆ ಗೊತ್ತು. ಗೌರವಧನದ ಮೇಲೆ ದುಡಿಯೋ ಅವರಿಗೆ ಈಗ ಮುಖ್ಯ ಕೆಲಸ ಅರ್ಜಿ, ಪಿಂಚಣಿ, ಕಾರ್ಡು. ಅವರಿಗೆ ಚರ್ಮದ ಹುಣ್ಣು ಗುರುತಿಸೋದು, ಕುರ್ಚಿಯ ಅಳತೆ ಸರಿಯಿದೆಯಾ ನೋಡೋದು, ಸಣ್ಣ ರಿಪೇರಿ, ವಿಡಿಯೊ ಕರೆಯಲ್ಲಿ ತಜ್ಞರನ್ನು ಸೇರಿಸೋದು ಕಲಿಸಿ, ಗೌರವಧನವನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿದರೆ ಊರೂರಲ್ಲೂ ಒಬ್ಬರು ಸಿಗ್ತಾರೆ. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡ್ತಿರೋ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಂಥ ಸಂಸ್ಥೆಗಳಿಗೆ ಸಮುದಾಯದಲ್ಲೇ ಕೆಲಸ ಮಾಡಿದ ಅನುಭವ ಇದೆ. ಅದನ್ನು ಬಳಸಿಕೊಳ್ಳಬಹುದು.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿ, ಪುನರ್ವಸತಿ ಸೇವೆಯನ್ನು ಸರ್ಕಾರದ ಹೊಣೆ ಅಂತ ಹೇಳುತ್ತೆ. 2021ರ ಕಾಯ್ದೆ ಫಿಸಿಯೊಥೆರಪಿ ಸೇರಿದಂತೆ ಸಂಬಂಧಿತ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಮಾಡಿದೆ. 2023ರಲ್ಲಿ ವಿಶ್ವ ಆರೋಗ್ಯ ಅಧಿವೇಶನ, ಪುನಶ್ಚೇತನ ಪ್ರಾಥಮಿಕ ಆರೋಗ್ಯ ಸೇವೆಯಲ್ಲೇ ಇರಬೇಕು ಅಂತ ನಿರ್ಣಯ ಮಾಡಿದೆ. ಇವನ್ನು ನಮ್ಮ ತಾಲ್ಲೂಕಿನ ಮಟ್ಟಕ್ಕೆ ಇಳಿಸಬೇಕು. ನನ್ನ ಲೆಕ್ಕದಲ್ಲಿ ಮೂರು ಕೆಲಸ. ಮೊದಲನೆಯದು, ಡಿಸ್ಚಾರ್ಜ್ ಆದ ಮೇಲೆ ಮೂರು ತಿಂಗಳ ಫಿಸಿಯೊಥೆರಪಿ ಮತ್ತು ತಾತ್ಕಾಲಿಕ ಸಲಕರಣೆ ಆರೋಗ್ಯ ವಿಮೆಯೊಳಗೇ ಬರಲಿ, ಪ್ರಮಾಣಪತ್ರಕ್ಕೆ ಕಾಯೋದು ಬೇಡ. ಎರಡನೆಯದು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಎರವಲು ಕೊಡೋ ವಾಕರ್, ವ್ಹೀಲ್‌ಚೇರ್‌ಗಳ ಸಣ್ಣ ಸಂಗ್ರಹ ಮತ್ತು ರಿಪೇರಿ ಮೇಜು ಇರಲಿ. ಮೂರನೆಯದು, ಯೋಜನೆಯ ವರದಿಯಲ್ಲಿ ಎಷ್ಟು ಹಂಚಿದ್ವಿ ಅನ್ನೋದರ ಪಕ್ಕದಲ್ಲೇ, ಒಂದು ವರ್ಷದ ನಂತರ ಎಷ್ಟು ಬಳಕೆಯಲ್ಲಿವೆ ಅನ್ನೋ ಇನ್ನೊಂದು ಕಾಲಂ ಬರಲಿ.

ಇದೆಲ್ಲ ಆಗೋವರೆಗೆ ನೀವು ಮಾಡಬಹುದಾದದ್ದನ್ನೂ ಹೇಳ್ತೀನಿ. ಡಿಸ್ಚಾರ್ಜ್ ಚೀಟಿ ಕೈಗೆ ಬರೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಮನೆಗೆ ಹೋದ ಮೇಲೆ ಯಾರ ಹತ್ತಿರ, ವಾರಕ್ಕೆ ಎಷ್ಟು ಸಲ ಫಿಸಿಯೊಥೆರಪಿ? ಈ ಮೂರು ತಿಂಗಳಲ್ಲಿ ನಾವು ತಲುಪಬೇಕಾದ ಗುರಿ ಏನು, ಎದ್ದು ನಿಲ್ಲೋದಾ, ಹತ್ತು ಹೆಜ್ಜೆ ನಡೆಯೋದಾ? ಯಾವ ಸಲಕರಣೆ ಬೇಕು, ಯಾವ ಅಳತೆ, ನಮ್ಮ ಮನೆ ಬಾಗಿಲಲ್ಲಿ ಹೋಗುತ್ತಾ? ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ಸಲಕರಣೆ ಕೊಡ್ತಾರೆ ಅಂದರೆ ಕೂತು, ಓಡಿಸಿ ನೋಡಿ ತಗೊಳ್ಳಿ. ರಿಪೇರಿ ಎಲ್ಲಿ ಅಂತ ಕೇಳಿ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ವಿಚಾರಿಸಿ ಪರಿಚಯ ಮಾಡಿಕೊಳ್ಳಿ. ಯುಡಿಐಡಿ ಕಾರ್ಡಿಗೆ ಯಾವಾಗ ಅರ್ಜಿ ಹಾಕಬಹುದು ಅಂತ ವೈದ್ಯರನ್ನೇ ಕೇಳಿ.

ಯಾರ ಮನೆಯಲ್ಲಾದರೂ ಬಳಸದ ವ್ಹೀಲ್‌ಚೇರ್ ಅಟ್ಟದ ಮೇಲಿದ್ದರೆ ಕೆಳಗೆ ಇಳಿಸಿ. ಅದು ಹಾಗೆ ಸುಮ್ಮನೆ ಯಾಕೆ ಉಳೀತು ಅಂತ ಒಮ್ಮೆ ಯೋಚನೆ ಮಾಡಿ. ಅಳತೆ ಸರಿಯಿಲ್ಲವಾ, ಗಾಲಿ ಮುರಿದಿದೆಯಾ, ಹೇಗೆ ಬಳಸೋದು ಅಂತ ಯಾರೂ ಹೇಳಿಕೊಡಲಿಲ್ಲವಾ? ಸಿಕ್ಕ ಉತ್ತರವನ್ನು ಹತ್ತಿರದ ಫಿಸಿಯೊಥೆರಪಿಸ್ಟ್ ಹತ್ತಿರ ಹೇಳಿ. ಆ ಕುರ್ಚಿ ಸರಿಯಾಗಬಹುದು, ಇಲ್ಲವೇ ಬೇರೆ ಯಾರಿಗಾದರೂ ಹೊಂದಬಹುದು.